ಪರದೆಯೊಳಗೆ ಎದ್ದುನಿಂತ ವಿಜಯನಗರ

ಸುತ್ತಲೂ 9 ಮೀಟರ್ ವ್ಯಾಸದ ವೃತ್ತಾಕಾರದ ಪರದೆ, ನಟ್ಟನಡುವೆ ಮೋಟಾರಿನಿಂದ ತಿರುಗುವ ವೇದಿಕೆ. ವಿಶೇಷ ಕನ್ನಡಕ ಧರಿಸಿ ಮೇಲೇರಿದರೆ ಹಂಪಿಯ ಹೆಬ್ಬಂಡೆಗಳು ಕೈಗೆಟುಕುವಷ್ಟು ಹತ್ತಿರ ಬಂದು ನಿಲ್ಲುತ್ತವೆ! ವೇದಿಕೆ ಹೊರಳಿದತ್ತ ದೃಶ್ಯವೂ ಹೊರಳುತ್ತದೆ. ಎತ್ತ ಸಾಗಬೇಕು, ಯಾವ ದೇಗುಲದ ಅಂಗಳ ಹೊಗಬೇಕು ಎಂಬುದು ಪೂರ್ತಿ ನೋಡುಗನ ಇಚ್ಛೆ. ಬಂಡೆಗಳ ನಡುವೆ ಪುರಾಣದ ದೇವತೆಗಳು ಜೀವತಳೆದು ಸುಳಿಯುತ್ತಾರೆ. ಇದೇ 'ಪ್ಲೇಸ್-ಹಂಪಿ' ಎಂಬ ವಿಸ್ಮಯಲೋಕ.

ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಇದರ ರೂವಾರಿಗಳು. ತಿರುಗುವ ವೇದಿಕೆಯ ಪರಿಕಲ್ಪನೆಯನ್ನು ಶಾ 1995ರಲ್ಲೇ ತಮ್ಮ ಕಲಾಕೃತಿಯೊಂದರಲ್ಲಿ ಸಾಕಾರಗೊಳಿಸಿದ್ದರು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರ ಕ್ಯಾಮೆರಾ ನಿಂತಲ್ಲೇ ಪೂರ್ಣ ಸುತ್ತು ತಿರುಗಿ, ಎಡಗಣ್ಣಿಗೊಂದು ಬಲಗಣ್ಣಿಗೊಂದು ಎಂಬಂತೆ ಜೋಡಿಚಿತ್ರ ಸೆರೆಹಿಡಿಯಿತು. ಆ ಎರಡನ್ನು ನಮ್ಮ ಮಿದುಳು ಒಂದಾಗಿಸಿದಾಗಲೇ ಕಲ್ಲಿಗೆ ಆಳ ಮೂಡುವುದು. ದೇವತೆಗಳಿಗೆ ಚಲನೆ ಕೊಟ್ಟವರು ಬೆಂಗಳೂರಿನ ಪಾಪ್ರಿಕಾಸ್ ಸ್ಟುಡಿಯೋದ ಕಲಾವಿದರು. ಸಂಗೀತ ಪಿಟೀಲು ಮಾಂತ್ರಿಕ ಎಲ್. ಸುಬ್ರಹ್ಮಣ್ಯಂ ಅವರದು.

ಆದರೆ ಈ ವೈಭವದ ನಿಜವಾದ ಅಡಿಪಾಯ ಯಂತ್ರವಲ್ಲ, ಬಿಸಿಲಲ್ಲಿ ನಡೆದ ಕಾಲುಗಳು. 1980ರಿಂದ ಅಮೆರಿಕದ ಜಾನ್ ಫ್ರಿಟ್ಜ್ ಮತ್ತು ಆಸ್ಟ್ರೇಲಿಯಾ ಮೂಲದ ಜಾರ್ಜ್ ಮಿಚೆಲ್ ಭಾರತೀಯ ವಿದ್ವಾಂಸರೊಡಗೂಡಿ ವಿಜಯನಗರದ ಗೋಡೆ, ದಾರಿ, ಮಂಟಪಗಳನ್ನು ಅಳೆದು ನಕ್ಷೆಗಿಳಿಸಿದರು. 1565ರ ತಾಳಿಕೋಟೆ ಯುದ್ಧದ ಬಳಿಕ ಪಾಳುಬಿದ್ದ ಮಹಾನಗರಿಯ ವಿನ್ಯಾಸ ಮತ್ತೆ ಸ್ಪಷ್ಟವಾದದ್ದು ಇಂಥ ಶ್ರಮದಿಂದ. ಅದಿಲ್ಲದೆ ಎಂಥ ಪರದೆಯೂ ಬರಿಯ ಬೆಳಕಿನಾಟವಷ್ಟೇ.

2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲ ಪ್ರದರ್ಶನ ಕಂಡು, ಬರ್ಲಿನ್, ಮೆಲ್ಬರ್ನ್ ಸುತ್ತಿ, 2012ರಲ್ಲಿ ಈ ಕೃತಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ 'ಕಲಾಧಾಮ' ಸಾಂಸ್ಕೃತಿಕ ಕೇಂದ್ರದಲ್ಲಿ ನೆಲೆಗೊಂಡಿತು. ಹಂಪಿಯ ನೆರೆಯಲ್ಲೇ ಹಂಪಿಯ ಪ್ರತಿರೂಪ! ಇದಕ್ಕಿಂತ ಯೋಗ್ಯವಾದ ತಾಣ ಬೇರೊಂದಿರಲಾರದು. ಇದಲ್ಲದೆ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ 'ಡಿಜಿಟಲ್ ಹಂಪಿ' ಯೋಜನೆಯಲ್ಲಿ ದೇಶದ ಹಲವು ವಿದ್ಯಾಸಂಸ್ಥೆಗಳೂ ಕೈಜೋಡಿಸಿ, ಭಗ್ನ ಶಿಲ್ಪಗಳನ್ನು ಗಣಕದಲ್ಲಿ ಪೂರ್ಣಗೊಳಿಸುವ ವಿಧಾನಗಳನ್ನು ರೂಪಿಸಿದವು.

ಪರಂಪರೆಯನ್ನು ಗಣಕದಲ್ಲಿ ಮರುಸೃಷ್ಟಿಸುವ ಈ ವಿದ್ಯೆ ಬೆಂಗಳೂರು ಗ್ರಾಮಾಂತರಕ್ಕೂ ಬರಬೇಕು. ಆವತಿ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡರು 1501ರಲ್ಲಿ, ವಿಜಯನಗರದ ಕಾಲದಲ್ಲೇ, ಕಟ್ಟಿಸಿದ ದೇವನಹಳ್ಳಿಯ ಮಣ್ಣಿನ ಕೋಟೆ ಮುಂದೆ ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನ ಕೋಟೆಯಾಯಿತು. ಅದರ ಅರ್ಧವೃತ್ತದ ಕೊತ್ತಳಗಳು, ಒಳಗಿನ ವೇಣುಗೋಪಾಲಸ್ವಾಮಿ ದೇಗುಲದ ಶಿಲ್ಪಗಳು ಇಂಥ ದಾಖಲಾತಿಗೆ ಸರ್ವಥಾ ಅರ್ಹ. ಮಣ್ಣು ಕಲ್ಲಾದ ಆ ಪರಿವರ್ತನೆಯನ್ನು ಹಂತಹಂತವಾಗಿ ಮಕ್ಕಳ ಕಣ್ಣಮುಂದೆ ತೆರೆದಿಡಬಲ್ಲ ತಂತ್ರಜ್ಞರು, ಕಲಾವಿದರು ಕೋಟೆಯಿಂದ ಒಂದೆರಡು ತಾಸಿನ ಹಾದಿಯಲ್ಲೇ ಇದ್ದಾರೆ.