ಜುನಾ ಬಜಾರಿನ ಹಿತ್ತಾಳೆ ಸ್ಟೌ ಉರಿಸುವ ಬಗೆ

ಪುಣೆಯ ಮಂಗಳವಾರ ಪೇಟೆಯ ಜುನಾ ಬಜಾರಿನಲ್ಲಿ ಬುಧವಾರವೋ ಭಾನುವಾರವೋ ಅಡ್ಡಾಡಿದರೆ, ಹಳೆ ಗಡಿಯಾರ, ತುಕ್ಕು ಹಿಡಿದ ಸ್ಪ್ಯಾನರುಗಳ ರಾಶಿಯ ನಡುವೆ ಕಪ್ಪಿಟ್ಟ ಹಿತ್ತಾಳೆಯ ಪಂಪ್ ಸ್ಟೌ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ. ಕೊಂಡವರು ಉಜ್ಜಿ ಷೋಕೇಸಿನಲ್ಲಿಡುತ್ತಾರೆ, ಇಲ್ಲವೇ ಗುಜರಿಯವರು ಕರಗಿಸುತ್ತಾರೆ. ಎರಡೂ ಅನ್ಯಾಯ. ಟ್ಯಾಂಕು ಬಿರಿದಿಲ್ಲವೆಂದರೆ ಅದು ಇಂದಿಗೂ ಚಹಾ ಕಾಯಿಸಬಲ್ಲ ಒಲೆ.

ಈ ವಂಶದ ಮೂಲಪುರುಷ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್. ಅದಕ್ಕೆ ಬತ್ತಿಯಿಲ್ಲ. ಪಂಪಿನ ಗಾಳಿ ಸೀಮೆಎಣ್ಣೆಯನ್ನು ಮೇಲಕ್ಕೆ ದೂಡುತ್ತದೆ, ಕಾದ ಬರ್ನರಿನಲ್ಲಿ ಎಣ್ಣೆ ಆವಿಯಾಗುತ್ತದೆ, ಆ ಆವಿ ನಿಪ್ಪಲಿನಿಂದ ಚಿಮ್ಮಿ ನೀಲಿಯಾಗಿ ಉರಿಯುತ್ತದೆ. 1911ರಲ್ಲಿ ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೂ, 1953ರಲ್ಲಿ ಹಿಲರಿ–ತೇನ್‌ಸಿಂಗರ ತಂಡ ಎವರೆಸ್ಟಿಗೂ ಒಯ್ದದ್ದು ಇದನ್ನೇ. ಕಾಲು ಬಿಚ್ಚಿ ತಗಡಿನ ಡಬ್ಬಿಗೆ ಸೇರಿಸಬಹುದಾದ ಪ್ರೈಮಸ್ 96 ಚಾರಣಿಗರದು. ಅದರ ಟ್ಯಾಂಕು ಅರ್ಧ ಪೈಂಟ್, ಅಂದರೆ ಸುಮಾರು 280 ಮಿಲಿಲೀಟರ್.

ಕೈಗೆ ಬಂದ ಕೂಡಲೇ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುವ ಆಸೆಯಾಗುತ್ತದೆ. ಅದು ಕಡೆಯ ಕೆಲಸ. ಗಾಳಿ ನಿಲ್ಲುತ್ತದೆಯೇ ಎಂಬುದೇ ಮೊದಲ ಪರೀಕ್ಷೆ. ಪಂಪಿನ ದಂಡ ಹೊರಗೆಳೆದು ನೋಡಿ: ತುದಿಯಲ್ಲಿ ಬಟ್ಟಲಿನಾಕಾರದ ತೊಗಲಿನ ವಾಷರ್ ಇರುತ್ತದೆ. ವರ್ಷಗಟ್ಟಲೆ ಒಣಗಿ ಮುರುಟಿಕೊಂಡಿದ್ದರೂ ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿದರೆ ಬಹುಪಾಲು ಮೆತ್ತಗಾಗುತ್ತದೆ. ಅದರ ಅಂಚನ್ನು ಬೆರಳಿನಿಂದ ಅಗಲಿಸಿ ಹಾಕಿದರೆ ಪಂಪು ಮತ್ತೆ ಬಿಗಿಯಾಗಿ ಕೂರುತ್ತದೆ.

ಪಂಪಿನ ಕೊಳವೆಯ ತಳದಲ್ಲೊಂದು ವಾಲ್ವ್ ಇದೆ, ಅದರೊಳಗೆ ಸಣ್ಣ ಸ್ಪ್ರಿಂಗು, ಕಡಲೆಕಾಳಿಗಿಂತ ಚಿಕ್ಕ ಬಿಲ್ಲೆ. ಹಳೆಯವುಗಳಲ್ಲಿ ಅದು ಕಾರ್ಕು ಅಥವಾ ರಬ್ಬರಿನದು. ಬಿಲ್ಲೆ ಗಟ್ಟಿಯಾಗಿದ್ದರೆ ಸೀಮೆಎಣ್ಣೆ ಹಿಂದಕ್ಕೆ ನುಗ್ಗಿ ದಂಡವನ್ನೇ ಮೇಲಕ್ಕೆ ತಳ್ಳುತ್ತದೆ. ಉರಿಯುವ ಸ್ಟೌನಲ್ಲಿ ಹಾಗಾದರೆ ಅಪಾಯ. ಎಣ್ಣೆಗೆ ಕರಗದ ನೈಟ್ರೈಲ್ ಇಲ್ಲವೇ ವೈಟಾನ್ ಬಿಲ್ಲೆ ಹಾಕಿ. ಬರ್ನರ್ ಕೂರುವೆಡೆ ಸೀಸದ ವಾಷರ್ ಹೊಸದಿರಲಿ. ಆಮೇಲೆ ಖಾಲಿ ಟ್ಯಾಂಕಿಗೆ ಗಾಳಿ ತುಂಬಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದೇಳುತ್ತದೋ ಅಲ್ಲೇ ಸೋರಿಕೆ.

ಇಂಥ ಕೆಲಸಕ್ಕೆ ಪುಣೆ ಒಳ್ಳೆಯ ಊರು. ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಪೇಶ್ವೆಯರ ಕಾಲಕ್ಕೆ ಕೊಂಕಣದಿಂದ ಬಂದ ಕಂಚುಗಾರರ ಮನೆತನಗಳು ಇನ್ನೂ ತಾಮ್ರ ಬಡಿಯುತ್ತಿವೆ. ತಗ್ಗು ಬಿದ್ದ ಟ್ಯಾಂಕನ್ನು ಅಂಥ ಪಳಗಿದ ಕೈಗೇ ಒಪ್ಪಿಸಬೇಕು. ಎಣ್ಣೆ ವಾಸನೆ ಉಳಿದ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕಲು ಹೋಗಬೇಡಿ, ಒಳಗಿನ ಆವಿಗೆ ಬೆಂಕಿ ತಗುಲಿದರೆ ಸಿಡಿಯುತ್ತದೆ.

ಹಚ್ಚುವಾಗ ಆತುರ ಸಲ್ಲದು. ಟ್ಯಾಂಕಿನ ಗಾಳಿ ಬಿಡುವ ಸ್ಕ್ರೂ ಸಡಿಲವಿರಲಿ. ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹೊತ್ತಿಸಿ, ಅದು ಮುಗಿಯುತ್ತ ಬಂದಾಗ ಸ್ಕ್ರೂ ಬಿಗಿದು ಮೆಲ್ಲಗೆ ಪಂಪು ಮಾಡಿ. ಹಳದಿ ಜ್ವಾಲೆ ಮೇಲೆದ್ದರೆ ಬರ್ನರ್ ಕಾದಿಲ್ಲವೆಂದರ್ಥ. ತಕ್ಷಣ ಗಾಳಿ ಬಿಟ್ಟುಬಿಡಿ. ಎಲ್ಲ ಸರಿಯಿದ್ದರೆ ಭುಸ್ಸೆನ್ನುವ ಆ ಹಳೆಯ ಸದ್ದು ಶುರುವಾಗುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಅದನ್ನು ಕೇಳಿ ಬೆಳೆದವರಿಗೆ ಆ ಗಳಿಗೆಯ ಖುಷಿ ವಿವರಿಸಬೇಕಿಲ್ಲ.

ಇದಕ್ಕೆ ಪೆಟ್ರೋಲ್ ಮಾತ್ರ ಎಂದೂ ಹಾಕಬೇಡಿ. ಚಾರಣಕ್ಕೆ ಒಯ್ಯುವುದಾದರೆ ಇನ್ನೊಂದು ಎಚ್ಚರಿಕೆ: ದೀಪಾವಳಿ ಕಳೆದ ಮೇಲೆ ಸಹ್ಯಾದ್ರಿಯ ಕೋಟೆಗಳ ಮೇಲೆಲ್ಲ ಹುಲ್ಲು ಒಣಗಿ ನಿಂತಿರುತ್ತದೆ. ಬರೀ ಬಂಡೆಯ ಮೇಲೆ, ಗಾಳಿ ಮರೆಯಲ್ಲಿ, ಅನುಮತಿ ಇರುವಲ್ಲಿ ಮಾತ್ರ ಹಚ್ಚಿ. ಲೋಣಾವಳ ಲೋಕಲ್‌ನಲ್ಲಿ ಹೊರಟಿದ್ದೀರೋ, ಸ್ಟೌ ಮನೆಯಲ್ಲೇ ಇರಲಿ: ರೈಲಿನಲ್ಲಿ ಸೀಮೆಎಣ್ಣೆ ಒಯ್ಯುವುದು ಶಿಕ್ಷಾರ್ಹ ಅಪರಾಧ.