ಡ್ರೈಯರ್ ಓಡಿದರೂ ಬಟ್ಟೆ ಒಣಗ್ತಿಲ್ವಾ?

ಜಡಿಮಳೆ ಹಿಡಿದರೆ ಇಂದಿರಾನಗರದ ನಮ್ಮ ಫ್ಲ್ಯಾಟಿನಲ್ಲಿ ಡ್ರೈಯರೇ ಗತಿ. ಈ ಸಲ ಎರಡು ಸಲ ಓಡಿಸಿದರೂ ಮಗಳ ಯೂನಿಫಾರ್ಮ್ ತೇವ ತೇವ. ಡ್ರಮ್ ಬಿಸಿಯಾಗಿತ್ತು, ಅಂದ್ರೆ ಹೀಟರ್ ಕೆಲಸ ಮಾಡ್ತಿದೆ. ಆದರೆ ಬರೀ ಬಿಸಿ ಸಾಲದು, ತೇವ ಹೊತ್ತೊಯ್ಯೋಕೆ ಗಾಳಿಯೂ ಆಡಬೇಕು.

ಲಿಂಟ್ ಫಿಲ್ಟರನ್ನು ನಲ್ಲಿ ಕೆಳಗೆ ಹಿಡಿದೆ. ನೀರು ಜಾಲರಿ ಮೇಲೇ ನಿಂತಿತು! ಪ್ರತಿ ಸಲ ನೂಲಿನ ಧೂಳು ತೆಗೆದರೂ ಫ್ಯಾಬ್ರಿಕ್ ಸಾಫ್ಟನರ್‌ನ ಜಿಡ್ಡು ಕಣ್ಣಿಗೆ ಕಾಣದಂತೆ ಕೂತಿರುತ್ತೆ. ಸೋಪುನೀರು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ ಹಾಕಿದೆ. ಒಂದೇ ಸುತ್ತಿಗೆ ಯೂನಿಫಾರ್ಮ್ ಗರಿಗರಿ.

ನಿಮ್ಮದಕ್ಕೆ ಹೊರಗೆ ಗಾಳಿ ಬಿಡುವ ಪೈಪ್ ಇದ್ದರೆ, ಪ್ಲಗ್ ತೆಗೆದು ಅದು ಮಡಚಿಕೊಂಡಿದೆಯಾ ನೋಡಿ. ಡ್ರಮ್ ತುರುಕಿ ತುಂಬಬೇಡಿ. ಗಾಳಿ ಕಟ್ಟಿದರೆ ಒಳಗಿನ ಧೂಳಿಗೆ ಬೆಂಕಿ ಹತ್ತಬಹುದು. ಸುಟ್ಟ ವಾಸನೆ ಬಂತಾ? ತಕ್ಷಣ ನಿಲ್ಲಿಸಿ, ಮೆಕ್ಯಾನಿಕ್‌ನ ಕರೆಸಿ.