ಅಜ್ಜನ ಮಂಚದಿಂದ ಗಿಟಾರ್ ಆಗುತ್ತಾ?

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಮಾರಿದಾಗ ನನ್ನ ಪಾಲಿಗೆ ಬಂದದ್ದು ಅಜ್ಜನ ಬೀಟೆ ಮಂಚ. ಬೆಂಗಳೂರಿನ ಫ್ಲಾಟಿನಲ್ಲಿ ಅದಕ್ಕೆ ಜಾಗ ಎಲ್ಲಿ? ಬಿಚ್ಚಿ, ಹಲಗೆಗಳನ್ನ ಬಾಲ್ಕನಿ ಗೋಡೆಗೆ ಒರಗಿಸಿಟ್ಟೆ. ಅಮ್ಮ ಬಂದಾಗಲೆಲ್ಲ, "ಮಳೇಲಿ ನೆನೀತಿದೆ ಕಣೋ, ಏನಾದ್ರೂ ಮಾಡು" ಅಂತಾಳೆ.

ಆರು ವರ್ಷದಿಂದ ಕ್ಲಾಸಿಕಲ್ ಗಿಟಾರ್ ಕಲೀತಿರೋ ನನಗೆ ಹೊಳೆದದ್ದು ಒಂದೇ. ಇದರಿಂದ ಒಂದು ಗಿಟಾರ್ ಮಾಡಿಸಿದರೆ? ಒಳ್ಳೊಳ್ಳೆ ಗಿಟಾರ್‌ಗಳ ಬೆನ್ನಿಗೆ, ಪಕ್ಕಗಳಿಗೆ ಬಳಸುವ 'ಇಂಡಿಯನ್ ರೋಸ್‌ವುಡ್' ಅಂದರೆ ನಮ್ಮ ಬೀಟೆಯೇ ಅಲ್ವಾ!

ಕಳೆದ ವರ್ಷ ಆಫೀಸ್ ಕೆಲಸದ ಮೇಲೆ ಸ್ಪೇನ್‌ಗೆ ಹೋದವನು ಒಂದು ಶನಿವಾರ ಗ್ರನಾಡಾಕ್ಕೆ ಓಡಿದೆ. ಅಲ್ಲಿ ಅಲ್ಹಾಂಬ್ರಾ ಕೋಟೆಗೆ ಹತ್ತುವ ಕುಯೆಸ್ತಾ ದೆ ಗೊಮೆರೆಸ್ ಬೀದಿ ಗಿಟಾರ್ ಮಾಡುವವರಿಗೆ ಹೆಸರುವಾಸಿ. ಪುಟ್ಟ ಅಂಗಡಿಯೊಂದರ ವಯಸ್ಸಾದ ಮೇಸ್ತ್ರಿಗೆ ಫೋನಿನಲ್ಲಿ ಮಂಚದ ಫೋಟೊ ತೋರಿಸಿದೆ. ಚೆನ್ನಾಗಿದೆ ಅಂದರು, ಅಷ್ಟೆ. ಫೋನ್ ವಾಪಸ್ ಕೊಟ್ಟು, ಬಿಳಿಚಿಕೊಂಡ ತೆಳು ಹಲಗೆಯೊಂದನ್ನ ಕೈಗೆತ್ತಿಕೊಂಡರು.

ಅದು ಸ್ಪ್ರೂಸ್, ಗಿಟಾರಿನ ಮುಂಭಾಗಕ್ಕೆ. ಮೂಲೆಯನ್ನ ಎರಡೇ ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬಡಿದು ಕೇಳಿದರು. ಹಲಸಿನಕಾಯಿ ಬಲಿತಿದೆಯಾ ಅಂತ ನಾವು ಬಡಿದು ನೋಡ್ತೀವಲ್ಲ, ಥೇಟ್ ಹಾಗೆ! ಉಜ್ಜುಗೊರಡಿನಿಂದ ನಾಲ್ಕು ಸಲ ಉಜ್ಜಿದರು, ಅಡ್ಡಕ್ಕೆ ಬಾಗಿಸಿದರು, ಮತ್ತೆ ಬಡಿದರು. ಕೊನೆಗೆ ಉಳಿಯುವ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಸ್ಕೇಲ್ ಹೇಳಲ್ಲ. ಒಂದೇ ಮರದ ಎರಡು ಹಲಗೆಗಳ ಬಿಗಿ ಕೂಡ ಒಂದೇ ಥರ ಇರಲ್ಲ. ಆರು ತಂತಿಗಳು ಸೇರಿ ಹತ್ತಿರ ಹತ್ತಿರ 40 ಕೆ.ಜಿ. ಬಲದಿಂದ ಎಳೀತವೆ. ಹಲಗೆ ದಪ್ಪ ಆದರೆ ಕಂಪಿಸಲ್ಲ, ತೆಳು ಆದರೆ ತಡೆಯಲ್ಲ. ಅದಕ್ಕೇ ಒಳಗಡೆ ಬೀಸಣಿಗೆ ಕಡ್ಡಿಗಳ ಹಾಗೆ ಹರಡಿ ಅಂಟಿಸಿದ ಸಣ್ಣ ಪಟ್ಟಿಗಳು, ಸಾಮಾನ್ಯವಾಗಿ ಏಳು.

ಈಗಿನ ಕ್ಲಾಸಿಕಲ್ ಗಿಟಾರಿಗೆ ಮಾದರಿ ಹಾಕಿಕೊಟ್ಟವರು ಅಲ್ಮೆರಿಯಾದ ಆಂತೋನಿಯೊ ದೆ ತೋರೆಸ್ (1817–1892). ಮೊದಲು ಬಡಗಿ. ನಾದದ ಜೀವ ಇರೋದು ಮುಂದಿನ ಹಲಗೆಯಲ್ಲಿ ಅಂತ ತೋರಿಸೋಕೆ 1862ರಲ್ಲಿ ಅವರು ಒಂದು ಗಿಟಾರ್ ಮಾಡಿದರು. ಮುಂಭಾಗಕ್ಕೆ ಸ್ಪ್ರೂಸ್, ಬೆನ್ನು, ಪಕ್ಕ ಎಲ್ಲ ಬರೀ ಕಾಗದದ ರಟ್ಟು! ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ರಟ್ಟೇ ಸಾಕಾದರೆ ಅಜ್ಜನ ಮಂಚ ಯಾಕೆ? ನನ್ನ ಮುಖ ಸಪ್ಪಗಾದದ್ದು ಮೇಸ್ತ್ರಿಗೆ ಕಂಡಿರಬೇಕು. ಮತ್ತೆ ಫೋನ್ ಇಸ್ಕೊಂಡು ಫೋಟೊ ದೊಡ್ಡದು ಮಾಡಿ ನೋಡಿದರು. ಬೆನ್ನಿನ ಮರದಿಂದಲೂ ನಾದದ ಬಣ್ಣ ಒಂದಿಷ್ಟು ಬದಲಾಗುತ್ತೆ, ಆದರೆ ಎಳೆ ನೇರವಾಗಿರಬೇಕು, ಇಲ್ಲದಿದ್ದರೆ ಹವೆ ಬದಲಾದಾಗ ಸೊಟ್ಟಗಾಗುತ್ತೆ ಅಂದರು. ಮಂಚದ ಹಲಗೆಗಳಲ್ಲಿ ಹೆಚ್ಚಿನವು ಸುರುಳಿ ಸುರುಳಿ ಎಳೆಯವು. ತಲೆಕಡೆಯದೊಂದೇ ನೇರ. ಅದನ್ನ ಪದರವಾಗಿ ಸೀಳಿ ಪುಸ್ತಕದ ಹಾಗೆ ಬಿಡಿಸಿದರೆ ಬೆನ್ನಿನ ಎರಡು ಭಾಗ. ಒಂದೊಂದೂ 50 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಬೇಕು.

ಹಲಗೆಯನ್ನೇ ಸ್ಪೇನ್‌ಗೆ ಹೊತ್ತೊಯ್ಯೋಣ ಅಂದ್ರೆ ಅದೂ ಸುಲಭ ಇಲ್ಲ. 2017ರಿಂದ ಬೀಟೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. 2019ರಲ್ಲಿ ವಿನಾಯಿತಿ ಸಿಕ್ಕಿದ್ದು ತಯಾರಾದ ವಾದ್ಯಗಳಿಗೆ, ಹಲಗೆಗಲ್ಲ.

ಊರಿಗೆ ಬಂದ ರಾತ್ರಿಯೇ ಟೇಪ್ ಹಿಡಿದು ಅಳೆದೆ. ಅಗಲ 21 ಸೆಂ.ಮೀ.! ಈಗ ಆ ಹಲಗೆ ಒಳಗೆ, ನನ್ನ ಮಂಚದ ಕೆಳಗೆ ಒಣಗ್ತಿದೆ. ನಮ್ಮ ಕಡೆ ಕೈಯಲ್ಲೇ ಗಿಟಾರ್ ಮಾಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕುಯ್ಯುವ ದಿನ ತಾನೂ ಬಂದು ನೋಡ್ಬೇಕು ಅಂತ ಅಮ್ಮ ಈಗಲೇ ಹೇಳಿಟ್ಟಿದ್ದಾಳೆ.